ತಡವಾಗದ ಗಾಡಿ

ನಮ್ಮ ಕಿಲಿಮಾನಿ ಬಡಾವಣೆಯ ಗ್ಯಾರೇಜಿನ ಮುಂದೆ ಹಾದು ಹೋಗುವಾಗ ಗ್ರೀಸಿನ ವಾಸನೆ ಬಡಿದರೆ ನಾನು ಈಗಲೂ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ.

ಆಗ ನನಗೆ ಒಂಬತ್ತು ವರ್ಷ. ಒಂದು ಮಧ್ಯಾಹ್ನ ಅಪ್ಪ ನನ್ನನ್ನು ನೈರೋಬಿಯ ರೈಲು ಮ್ಯೂಸಿಯಮ್ಮಿಗೆ ಕರೆದೊಯ್ದು, ಹಳೆಯ ಉಗಿ ಎಂಜಿನ್ನಿಗೆ ಹತ್ತಿಸಿದರು. ಕಬ್ಬಿಣದ ಹಿಡಿಯ ಜಿಡ್ಡು ಅಂಗೈಗೆ ಅಂಟಿತು.

"ನನ್ನ ಮುತ್ತಜ್ಜ ಹುಬ್ಬಳ್ಳೀಲಿ ಎಂಜಿನ್ನಿಗೆ ಕಲ್ಲಿದ್ದಲು ಹಾಕ್ತಾ ಹಾಕ್ತಾ ಡ್ರೈವರ್ ಆದ್ರು. ಬಿಳಿ ದೊರೆಗಳು ಇಲ್ಲಿಗೆ ಕರೆಸ್ಕೊಂಡ್ರು. ಒಂದು ದಿನಾನೂ ಗಾಡಿ ತಡ ಮಾಡ್ಲಿಲ್ಲ ಅಂತ ಬೆಳ್ಳಿ ಗಡಿಯಾರ ಕೊಟ್ರು," ಎಂದರು ಅಪ್ಪ. "ಒಂದ್ಸಲ ಹಳಿ ಮೇಲೆ ಕೂಲಿಯವನೊಬ್ಬ ಮಲಗಿದ್ನಂತೆ. ಆಗಲೂ ನಿಲ್ಲಿಸ್ಲಿಲ್ಲ."

"ಸತ್ತುಹೋದನಾ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ಮತ್ತೆ? ಚಕ್ರ ತೊಳೆಯೋಕೆ ಎರಡು ಬಕೆಟ್ ನೀರು ಬೇಕಾಯ್ತಂತೆ." ಅಪ್ಪ ನಗುತ್ತಲೇ ಸಮೋಸಾ ಮುರಿದು ನನ್ನ ಬಾಯಿಗಿಟ್ಟರು.

ನಾನು ಉಗಿದುಬಿಟ್ಟೆ.

ಅಪ್ಪನ ಮುಖ ಗಂಟಿಕ್ಕಿತು. "ತಿನ್ನೋ ಪದಾರ್ಥಕ್ಕೆ ಹೀಗಾ ಅವಮಾನ ಮಾಡೋದು?" ಎಂದರು.