ಸೆರಗಿನ ಚಾವಿ

"ಈ ಎಲ್‌ಇಡಿ ಬೆಳಕಿನ್ಯಾಗೂ ನಿಮಗ ಛಲೋ ಕಾಣಲಿಲ್ಲಂದ್ರ ಗಾಡಿ ಮಾರೋದ ನೋಡ್ರಿ ಮತ್ತ" ಎಂದಳು ವೀರಭದ್ರಮ್ಮ. ಹಳೆ ಫಿಯಟ್ಟಿನ ಚಾವಿಯನ್ನು ಆಗಲೇ ಸೆರಗಿಗೆ ಗಂಟು ಹಾಕಿಕೊಂಡಿದ್ದಳು. ಸಂಜೆಯಾದರೆ ರಸ್ತೆ ಮಬ್ಬು ಎನ್ನುವ ಗಂಡನ ಕಣ್ಣಿನ ಮೇಲೆ ಅವಳಿಗೆ ಅನುಮಾನ. ಗಂಡ ಶಿವಶರಣಪ್ಪನಿಗೆ ಬಲ್ಬಿನ ಮೇಲೆ. ಅದಕ್ಕೇ ಹೊಸ ಬಲ್ಬು ಹಾಕಿಸಲು ತಮ್ಮೂರು ಮಸ್ಕಿಯಿಂದ ಸಿಂಧನೂರಿನ ಈ ಗ್ಯಾರೇಜಿಗೆ ಬಂದಿದ್ದರು.

ಮೆಕ್ಯಾನಿಕ್ ಮೌಲಾ ಶಟರ್ ಎಳೆದು ಕತ್ತಲು ಮಾಡಿ ಗಾಡಿಯ ಮುಂದಿನ ದೀಪ ಹಾಕಿದ. ಎದುರಿನ ಗೋಡೆ ಬೆಳ್ಳಗಾಯಿತು. ಆ ಬೆಳಕಿನ ನಡುವೆ ಎರಡೂ ಕಡೆ ಮೂರು ಮೂರು ಕಪ್ಪು ಪಟ್ಟೆ. ಶಿವಶರಣಪ್ಪ ಕಣ್ಣು ಉಜ್ಜಿಕೊಂಡು ನೋಡಿದ. ಪಟ್ಟೆ ಹೋಗಲಿಲ್ಲ.

"ಮೂರು ಗೆರಿ ಕಾಣಾಕತ್ತಾವಲ್ಲೋ ಮೌಲಾ" ಎಂದ, ಹೆಂಡತಿಗೆ ಕೇಳದಷ್ಟು ಮೆತ್ತಗೆ.

"ನನಗೂ ಕಾಣಾಕತ್ತಾವ್ರಿ ಕಾಕಾ" ಎಂದು ಮೌಲಾ ದೀಪದ ಗಾಜು ಒರೆಸಲು ಬಟ್ಟೆ ತೆಗೆದುಕೊಂಡ.

"ಏ, ಮುಟ್ಟಬ್ಯಾಡಪ್ಪ. ಇಬೂತಿ ಒರಸಬಾರದು ಅಂತ ನಿಮ್ಮ ಕಾಕಿ ಹುಕುಂ ಐತಿ" ಎಂದ ಶಿವಶರಣಪ್ಪ, ಈಗ ಹೆಂಡತಿಗೆ ಕೇಳುವಷ್ಟು ಜೋರಾಗಿ.

ವೀರಭದ್ರಮ್ಮ ಗೋಡೆ ನೋಡಿದಳು, ತನ್ನ ಮೂರು ಬೆರಳು ನೋಡಿಕೊಂಡಳು. ಅಮಾವಾಸ್ಯೆಗೊಮ್ಮೆ ಗಾಡಿ ಪೂಜೆ ಮಾಡಿ, ದೀಪದ ಗಾಜಿಗೆ ವಿಭೂತಿಯನ್ನು ಬಳಿದದ್ದರ ಮೇಲೇ ಬಳಿಯುತ್ತ ಬಂದಿದ್ದಳು. ಸೆರಗಿನ ಗಂಟು ಬಿಚ್ಚಿ ಚಾವಿಯನ್ನು ಗಂಡನ ಕೈಗಿಟ್ಟಳು. ಅದೇ ಸೆರಗಿನ ತುದಿಯನ್ನು ನೀರಿಗದ್ದಿ ಗಾಜು ಉಜ್ಜತೊಡಗಿದಳು.

"ಹೊತ್ತು ಮುಣುಗಲಿ ತಗೋರಿ" ಎಂದಳು, ತಿರುಗಿ ನೋಡದೆ. "ಮಸ್ಕಿಗೆ ಆಮ್ಯಾಲೇ ಹೋಗೂನು."