ದೇವೀರಿ ಮನೆಯ ಹೆಪ್ಪು

ಸೋಪು ಮರೆತೇಹೋಗಿದ್ದ ಕಾಲವದು. ಮನೆಮನೆಯ ಬಚ್ಚಲಲ್ಲೂ ಮಡಕೆಯೊಳಗೆ ಕಬ್ಬಿನ ಸಿಪ್ಪೆ ತಿಂದು ಮಣ್ಣಿನ ಬೂಷ್ಟು ಬೆಳೆಯುತ್ತಿತ್ತು. ಅದು ಬಿಡುವ ಗೊಣ್ಣೆಯಂಥ ಲೋಳೆಯನ್ನೇ ಜನ ನೊರೆ ಬರಿಸಿ ಮೈಗೆ ತಿಕ್ಕಿಕೊಳ್ಳುತ್ತಿದ್ದರು.

ಹೇಸಿಗೆ ತಾಳದೆ ಕೆಂಪಾಜಮ್ಮ ಬೆಳಿಗ್ಗೆ ಮಡಕೆಗೆ ಕುದಿನೀರು ಸುರಿದಿದ್ದಳು, ಬೂಷ್ಟು ಸತ್ತೇಹೋಯಿತು. ನಾಳೆ ಮರಿಮಗುವಿಗೆ ಮೊದಲ ಸಲ ನೀರೆರೆಯಬೇಕು. ದೀಪ ಹಚ್ಚಿದ ಮೇಲೆ ಹೊಸ ಬೂಷ್ಟು ಬೆಳೆಸಲು ಯಾರೂ ಹೆಪ್ಪು ಕೊಡುವುದಿಲ್ಲ. ಹೊತ್ತು ಮುಳುಗುತ್ತಿತ್ತು, ಹತ್ತಿರವಿದ್ದದ್ದು ದೇವೀರಿಯ ಮನೆಯೊಂದೇ. ಕುಲ ಎಣಿಸಿ ಆ ಮನೆಯಲ್ಲಿ ಕೆಂಪಾಜಮ್ಮ ಹನಿ ನೀರನ್ನೂ ಮುಟ್ಟಿದವಳಲ್ಲ. ಆದರೂ ಅಲ್ಲಿಗೇ ಹೋಗಿ ಹೆಪ್ಪು ಕೇಳಿದಳು.

“ನಮ್ಮನೆ ಬೂಷ್ಟು ನಿನ್ ಕೂಸಿನ ಮೈಗಾದದಾ ಕೆಂಪಕ್ಕ?” ದೇವೀರಿ ನಕ್ಕಳು. “ಹಂಗಾದ್ರೆ ಮೊದ್ಲು ನೀರು ಕುಡಿ.”

ಕೆಂಪಾಜಮ್ಮ ಕಣ್ಣು ಮುಚ್ಚಿ ಗಟಗಟ ಕುಡಿದಳು. ವಾಕರಿಕೆಗೆ ಕಾದಳು; ಬರಲಿಲ್ಲ. ತಣ್ಣಗಿನ ಹೆಪ್ಪು ಅಂಗೈಗೆ ಲೊಚಕ್ಕನೆ ಬಿದ್ದಾಗ ಬಂತು.

“ನಂಗೂ ದಿನಾ ಹಂಗೇ ಆಯ್ತದೆ ಕಣಕ್ಕ,” ಎಂದಳು ದೇವೀರಿ.