ಹುಣಸೆಹಣ್ಣಿನ ಗುಟ್ಟು

“ಹಸಿಯಾಗಿದ್ದಾಗ ಮೂಗಿ, ಒಣಗಿದ ಮೇಲೆ ಮಾತುಗಾತಿ. ಯಾರವಳು?”

ಬೀಗರೂಟಕ್ಕೆ ಬಂದ ಹೊಸ ಅಳಿಯ ಹೆಂಡತಿಯ ಅಣ್ಣತಮ್ಮಂದಿರಿಗೆ ಒಗಟು ಹಾಕುವುದು ಶೆಟ್ಟಿಕೆರೆ ಹತ್ತಿರದ ಆ ಹಟ್ಟಿಯ ವಾಡಿಕೆ. ಹೊಸ ಅಳಿಯ ಈರೇಶ ಒಗಟು ಹಾಕಿ, ಮೀಸೆ ತಿರುವುತ್ತ ಕೂತ. ಊಟದ ಎಲೆ ಎತ್ತುವುದರೊಳಗೆ ಒಡೆದರೆ ಭಾವಮೈದುನರಿಗೆಲ್ಲ ಅವನು ಹೊಸ ಬಟ್ಟೆ ಕೊಡಿಸಬೇಕು. ಒಡೆಯದಿದ್ದರೆ ಹೆಂಡತಿಯ ತಮ್ಮ ಕೃಷ್ಣಕುಮಾರ್ ಬಾಟಲಿ ಹಾಲು ಕುಡಿಸಿ ಸಾಕಿದ ಟಗರು ಅವನ ಪಾಲು.

“ಕೊಬ್ಬರಿ ಕಣ್ ಭಾವ,” ಎಂದ ಕೃಷ್ಣಕುಮಾರ್ ತಟ್ಟನೆ. ತೆಂಗಿನ ಸೀಮೆಯವನಿಗೆ ಇನ್ನೇನು ಹೊಳೆದೀತು!

“ಹಸಿ ಕಾಯಿ ಅಲ್ಲಾಡ್ಸಿದ್ರೆ ನೀರು ಗುಳುಗುಳು ಅನ್ನಲ್ವೇನಪ್ಪ? ಅದೆಂಗೆ ಮೂಗಿ ಆಯ್ತದೆ? ಬುಡು, ಟಗರು ಬಿಚ್ಚು.”

ಮೊಬೈಲಿನಲ್ಲಿ ಹುಡುಕಿದರು, ಅದೂ ಕೈಕೊಟ್ಟಿತು. ಆಮೇಲೆ ಎಲ್ಲರ ಕಣ್ಣೂ ಈರೇಶನ ಹೆಂಡತಿ ದಿವ್ಯಳ ಮೇಲೆ. ಅವಳಿಗೆ ಉತ್ತರ ಗೊತ್ತಿತ್ತು. ಬರುವಾಗ ಬೈಕಿನ ಮೇಲೆ ಗಂಡ ಹಿಂದಕ್ಕೆ ಕತ್ತು ತಿರುಗಿಸಿ ಹೇಳಿದ್ದ: ಹುಣಸೆಹಣ್ಣು. ಮದುವೆಯಾದ ಮೇಲೆ ಅವನು ನಂಬಿ ಹೇಳಿದ ಮೊದಲ ಗುಟ್ಟು ಅದು. ಆ ಖುಷಿಗೇ ಅವಳಿಗೆ ಅರ್ಧ ಹೊಟ್ಟೆ ತುಂಬಿತ್ತು.

ಅವ್ವ ಚಿತ್ತಮ್ಮ ಅಡುಗೆಮನೆಗೆ ಎಳೆದುಕೊಂಡು ಹೋದಳು. “ಹೇಳ್ಬಾರ್ದೇನೇ? ಆ ಟಗರು ಹೋದ್ರೆ ನಿನ್ ತಮ್ಮ ಅನ್ನ ಮುಟ್ಟಾಕಿಲ್ಲ.”

“ನಂಗೊತ್ತಿಲ್ಲ ಕಣವ್ವ.”

ಹೆತ್ತವಳ ಮುಖ ನೋಡಿಕೊಂಡು ಸುಳ್ಳು ಹೇಳುವುದು ಸಣ್ಣ ಸಂಕಟವಲ್ಲ. “ಗಂಡ ಸಿಕ್ಕಿದ್ಮೇಲೆ ತವರು ಯಾಕ್ ಬೇಕು ಬುಡು,” ಎಂದು ಅವ್ವ ಕಣ್ಣೊರೆಸಿಕೊಂಡಳು. ದಿವ್ಯ ಅದನ್ನೂ ನುಂಗಿಕೊಂಡಳು.

ಎಲೆ ಎತ್ತಿದ್ದಾಯಿತು. ಕೃಷ್ಣಕುಮಾರ್ ಟಗರಿನ ಕತ್ತು ಸವರಿ, ಹಗ್ಗ ತಂದು ಭಾವನ ಕೈಗಿಟ್ಟ. ಈರೇಶ ಗತ್ತಿನಿಂದ ಎದ್ದು ನಿಂತ.

“ಸೋರೆಬುರುಡೆ ಕಣ್ರಪ್ಪ! ಒಣಗಿದ್ಮೇಲೆ ಒಳಗೆ ಬೀಜ ಗಲಗಲ ಅನ್ನಲ್ವಾ?”

ಎಲ್ಲರೂ ಹಣೆ ಚಚ್ಚಿಕೊಂಡು ನಕ್ಕರು. ದಿವ್ಯ ನಗಲಿಲ್ಲ. ಅವನನ್ನು ಹಿತ್ತಿಲಿಗೆ ಕರೆದಳು. ಅವನ ಹಿಂದೆ ಟಗರೂ ಬಂತು.

“ನಂಗೆ ಹುಣಸೆಹಣ್ಣು ಅಂದಿದ್ರಿ?”

ಈರೇಶ ಕಿಸಕ್ಕನೆ ನಕ್ಕ. “ತಿಪಟೂರಲ್ಲಿ ಹಾಸ್ಟೆಲ್‌ನಾಗಿದ್ದಾಗ ಫಾದರ್ ಒಬ್ರು ಬೈಬಲ್ ಕಥೆ ಹೇಳೋರು ಕಣೇ. ಸಂಸೋನ ಅಂತ ಭಾರಿ ಜಟ್ಟಿ. ಮದುವೇಲಿ ಹಿಂಗೇ ಹೆಣ್ಣಿನ ಕಡೆಯೋರಿಗೆ ಒಗಟು ಹಾಕ್ದ. ಹೆಂಡ್ತಿ ಅತ್ತೂ ಕರೆದೂ ಉತ್ತರ ತಿಳ್ಕೊಂಡು ಅವ್ರಿಗೆ ಹೇಳ್ಬುಟ್ಲು. ಪಂದ್ಯ ಸೋತ. ಅದುಕ್ಕೇ ನಾನು ಹುಷಾರಾದೆ.”

“ಅವನು ಹೆಂಡ್ತಿಗೆ ಹೇಳಿದ್ದು ನಿಜವಾದ ಉತ್ತರಾನಾ?”

“ಹೂಂ ಮತ್ತೆ. ಹೇಳಿ ಕೆಟ್ಟ.”

ದಿವ್ಯ ಅವನ ಕೈಯಿಂದ ಟಗರಿನ ಹಗ್ಗ ಬಿಡಿಸಿಕೊಂಡಳು.

“ಪುಣ್ಯವಂತೆ ಕಣ್ರೀ ಅವಳು. ಮೋಸ ಮಾಡೋಕಾದ್ರೂ ಅವಳ ಕೈಯಲ್ಲಿ ಒಂದು ನಿಜ ಇತ್ತು.”